ಆಡಿದವರ ಬಿರುಕು

ಊರಿನ ಕಥೆ ಹೇಳುವ ಮೊದಲು ಊರಿನ ಕಟ್ಟಳೆ ಹೇಳಬೇಕು. ಬಿರುಕನ್ನು ಮೊದಲು ಬಾಯಿಬಿಟ್ಟು ಆಡಿದವರು ಯಾರೋ, ಬಿರುಕು ಅವರದ್ದು. ಗೋಡೆ ಯಾರದ್ದೇ ಇರಲಿ, ಕಟ್ಟಿಸಿದವರು ಯಾರೇ ಇರಲಿ, ಬಿರುಕು ಮಾತ್ರ ಆಡಿದವರದ್ದು. ಊರ ಹಿರಿಯ ಆ ಜಾಗದಿಂದ ಒಂದು ಹಿಡಿ ಮಣ್ಣು ತೆಗೆದು, ನಾಲ್ಕು ಜನರ ಎದುರು ಆಡಿದವರ ಅಂಗೈಗೆ ಇಡುತ್ತಿದ್ದ. ಅಲ್ಲಿಂದ ಮುಂದೆ ಬಿರುಕು ಮುಚ್ಚುವ ತನಕ ಅವರೊಬ್ಬರೇ ದುಡಿಯಬೇಕು. ಬೇರೆಯವರು ಕೈ ಹಚ್ಚುವಂತಿಲ್ಲ. ಯಾವ ಮನೆಯಿಂದಲೂ ಅವರಿಗೆ ಕೆಂಡವಿಲ್ಲ, ನೀರಿಲ್ಲ.

ಹೀಗಾಗಿ ಆ ಊರಿನಲ್ಲಿ ಬಿರುಕುಗಳೇ ಇರಲಿಲ್ಲ. ಮಾಡು ಸೋರಿದರೆ ಜನ ಹಾಸಿಗೆ ಸರಿಸಿಕೊಂಡು, ಈ ಮೂಲೆಯಲ್ಲಿ ಗಾಳಿ ಚೆನ್ನಾಗಿದೆ ಎನ್ನುತ್ತಿದ್ದರು. ಗೋಡೆ ವಾಲಿದರೆ ವಾಲಿದ ಕಡೆಗೆ ಹೊಂದುವಂತೆ ತಲೆ ವಾಲಿಸಿ ನಡೆಯುತ್ತಿದ್ದರು. ಮಕ್ಕಳಿಗೆ ಮಾತು ಕಲಿಸುವ ಮೊದಲು ನುಂಗುವುದನ್ನು ಕಲಿಸುತ್ತಿದ್ದರು.

ಊರ ಮೇಲೆ, ಎರಡು ಗುಡ್ಡಗಳ ನಡುವಿನ ಸಂದಿನಲ್ಲಿ, ಒಡೆಯನ ಕೆರೆ ಇತ್ತು. ಒಡೆಯನ ಅಜ್ಜ ಅಲ್ಲಿ ಹರಿಯುತ್ತಿದ್ದ ಹಳ್ಳಕ್ಕೆ ಅಡ್ಡಲಾಗಿ ಮಣ್ಣಿನ ಏರಿ ಹಾಕಿಸಿ ನೀರು ನಿಲ್ಲಿಸಿದ್ದ. ಆ ನೀರಿನಿಂದ ಒಂದು ಗದ್ದೆ ನೆನೆಯಲಿಲ್ಲ, ಒಂದು ಕೊಡ ತುಂಬಲಿಲ್ಲ. ಅದು ದೋಣಿಯಾಟಕ್ಕೆ ಕಟ್ಟಿದ ಕೆರೆ. ದೂರದ ಊರುಗಳಿಂದ ಅತಿಥಿಗಳು ಬರುತ್ತಿದ್ದರು, ಬಣ್ಣದ ಕೊಡೆ ಹಿಡಿದು ದೋಣಿಯಲ್ಲಿ ಕೂರುತ್ತಿದ್ದರು, ದಡದ ಮಂಟಪದಲ್ಲಿ ಉಂಡು ಹೋಗುತ್ತಿದ್ದರು.

ಏರಿಯ ಕೆಳಗೆ, ಹಳ್ಳದ ಹಳೆಯ ಪಾತ್ರದ ದಂಡೆಯ ಉದ್ದಕ್ಕೂ ಕೆಳಗೇರಿ. ಗಡಿಗೆ ಮಾಡುವವರು, ಚಾಪೆ ಹೆಣೆಯುವವರು, ಬಟ್ಟೆ ಒಗೆಯುವವರು ಅಲ್ಲಿದ್ದರು. ಏರಿಗಿಂತ ಕೇರಿ ಹಳೆಯದು. ಇದನ್ನು ನೆನಪಿಡಬೇಕು, ಯಾಕೆಂದರೆ ಆಮೇಲೆ ಬಹಳ ಜನ, ಅವರು ಅಲ್ಲಿ ಯಾಕೆ ಮನೆ ಕಟ್ಟಿಕೊಂಡರು ಎಂದು ಕೇಳಿದರು.

ಅಜ್ಜ ಏರಿ ಹಾಕಿಸಿದಾಗ ಒಂದು ಪಕ್ಕಕ್ಕೆ ಕೋಡಿಯನ್ನೂ ಕಡಿಸಿದ್ದ. ಕೆರೆ ತುಂಬಿದರೆ ಹೆಚ್ಚಿನ ನೀರು ಏರಿಯ ಮೇಲೆ ಹರಿಯದೆ ಆ ದಾರಿಯಿಂದ ಸುತ್ತಿ ಹೊರಟುಹೋಗಲಿ ಎಂದು. ಎರಡು ಎಮ್ಮೆ ಜೋಡಿಯಾಗಿ ದಾಟುವಷ್ಟು ಅಗಲದ ಕೋಡಿ. ಅಪ್ಪನ ಕಾಲಕ್ಕೆ ಮೀನು ತಪ್ಪಿಸಿಕೊಳ್ಳುತ್ತವೆ ಎಂದು ಅದಕ್ಕೊಂದು ಹಲಗೆ ಬಿತ್ತು. ಈಗಿನ ಒಡೆಯನ ಕಾಲಕ್ಕೆ ನೀರು ಮಂಟಪದ ಮೆಟ್ಟಿಲಿಗೆ ತಾಗಿದರೆ ಚೆಂದ ಎಂದು ಹಲಗೆಯ ಮೇಲೆ ಹಲಗೆ ಬಿತ್ತು. ಕೆರೆಯ ತಳದಿಂದ ನೀರು ಬಿಡುವ ತೂಬಿನ ಕದ ತುಕ್ಕು ಹಿಡಿದು ತನ್ನ ಚೌಕಟ್ಟಿಗೇ ಕಚ್ಚಿಕೊಂಡಿತ್ತು. ಏರಿಯ ಮೇಲೆ ನೆರಳಿಗೆಂದು ನೆಟ್ಟ ಮರಗಳು ದೊಡ್ಡವಾಗಿ, ಬೇರುಗಳು ಏರಿಯ ಹೊಟ್ಟೆಯೊಳಗೆ ಬೆರಳಾಡಿಸುತ್ತಿದ್ದವು. ಹೆಗ್ಗಣಗಳು ಒಂದು ಬದಿಯಿಂದ ಹೊಕ್ಕು ಇನ್ನೊಂದು ಬದಿಯಿಂದ ಹೊರಬರುತ್ತಿದ್ದವು. ಇದೆಲ್ಲ ಎಲ್ಲರಿಗೂ ಗೊತ್ತಿತ್ತು. ಒಬ್ಬರಿಗೆ ಗೊತ್ತು, ಒಬ್ಬರಿಗೆ ಗೊತ್ತಿಲ್ಲ ಎಂದಿರಲಿಲ್ಲ.

ವರ್ಷಕ್ಕೊಮ್ಮೆ, ಮಳೆಗಾಲದ ಬಾಗಿಲಲ್ಲಿ, ಏರಿ ನೋಡುವ ಹಬ್ಬ. ಅಂದು ಒಡೆಯ, ಊರ ಹಿರಿಯ ಮತ್ತು ರಾಜಧಾನಿಯಿಂದ ಬಂದ ಅಳತೆಗಾರ, ಈ ಮೂವರು ಏರಿಯನ್ನು ಈ ತುದಿಯಿಂದ ಆ ತುದಿಗೆ, ಮೇಲಿನಿಂದ ಬುಡಕ್ಕೆ ನಡೆದು ನೋಡಬೇಕು. ಕಣ್ಣಿಗೆ ರೇಷ್ಮೆ ಪಟ್ಟಿ ಕಟ್ಟಿಕೊಂಡು ನೋಡಬೇಕು. ಕಂಡವನನ್ನು ಏನು ಕಂಡೆ ಎಂದು ಕೇಳಬಹುದು. ಕಾಣದವನನ್ನು ಯಾರು ಕೇಳುತ್ತಾರೆ? ನಡೆದು ಮುಗಿದ ಮೇಲೆ ಮೂವರೂ ಒಟ್ಟಿಗೆ ಹೇಳುತ್ತಿದ್ದರು: ಕಂಡದ್ದೇನೂ ಇಲ್ಲ. ದಂಡೆಯ ಮೇಲೆ ಕೂತ ಜನವೂ ಹೇಳುತ್ತಿತ್ತು: ಕಂಡದ್ದೇನೂ ಇಲ್ಲ. ಆಮೇಲೆ ಪಾಯಸ.

ಈ ಮೂವರ ಕಣ್ಣು ಕಟ್ಟುತ್ತಿದ್ದವಳು ಕೆಳಗೇರಿಯ ಒಬ್ಬ ಹೆಂಗಸು. ಅವಳನ್ನು ಊರು ಕಣ್ಣು ಕಟ್ಟುವವಳು ಎಂದೇ ಕರೆಯುತ್ತಿತ್ತು. ಅವಳ ತಾಯಿಯದೂ ಅದೇ ಕೆಲಸ. ಸೀಗೆಪುಡಿಯಲ್ಲಿ ಪಟ್ಟಿ ತೊಳೆದು, ನೆರಳಲ್ಲಿ ಒಣಗಿಸಿ, ರೆಪ್ಪೆ ನೋಯದ ಹಾಗೆ, ಬೆಳಕು ನುಸುಳದ ಹಾಗೆ ಗಂಟು ಹಾಕಬೇಕು. ಆಮೇಲೆ ಒಂದು ಕೋಲಿನ ಮುಂದಿನ ತುದಿ ತಾನು ಹಿಡಿದು, ಹಿಂದೆ ಮೂವರನ್ನೂ ಸಾಲಾಗಿ ಹಿಡಿಸಿ, ಅವರ ಕಾಲು ಬಿಲದಲ್ಲಿ ಸಿಗದಂತೆ, ಬೇರಿಗೆ ಎಡವದಂತೆ ನಡೆಸಿಕೊಂಡು ಹೋಗಬೇಕು. ಅಂದರೆ ಇಡೀ ಹಬ್ಬದಲ್ಲಿ ಏರಿಯನ್ನು ನೋಡುತ್ತಿದ್ದವಳು ಅವಳೊಬ್ಬಳೇ. ಕೆಲಸ ಕಲಿಸುವಾಗ ತಾಯಿ ಹೇಳಿದ್ದಳು, ಕಣ್ಣಿಗೆ ಬಿದ್ದದ್ದನ್ನು ಗಂಟಲಲ್ಲಿ ಇಳಿಸು, ನಾಲಿಗೆಗೆ ತರಬೇಡ ಎಂದು. ಅವಳು ವರ್ಷವರ್ಷವೂ ಇಳಿಸುತ್ತಾ ಬಂದಿದ್ದಳು. ಬಿಲ ಇಳಿಸಿದಳು, ಬೇರು ಇಳಿಸಿದಳು, ಹಲಗೆ ಇಳಿಸಿದಳು. ಹಬ್ಬದ ಪಾಯಸ ಮಾತ್ರ ಅವಳಿಗೆ ಯಾವತ್ತೂ ಇಳಿಯುತ್ತಿರಲಿಲ್ಲ.

ಆ ವರ್ಷ ಏರಿಯ ಬುಡದಲ್ಲಿ ಒಸರು ಕೆಂಪಾಗಿತ್ತು.

ಒಸರು ಹಿಂದಿನಿಂದಲೂ ಇದ್ದದ್ದೇ. ಹುಲ್ಲಿನ ನಡುವೆ ತಿಳಿಯಾದ ನೀರು ಜಿನುಗುತ್ತಿತ್ತು, ಕೇರಿಯವರು ಅಲ್ಲಿ ಬಟ್ಟೆ ಒಗೆಯುತ್ತಿದ್ದರು. ಏರಿಯೊಳಗಿಂದ ತಿಳಿನೀರು ಬಂದರೆ ಅದು ಬರೀ ನೀರು. ಕೆಂಪು ನೀರು ಬಂದರೆ ಅದು ಏರಿಯನ್ನೇ ಚೂರುಚೂರು ಹೊತ್ತು ತರುತ್ತಿದೆ ಎಂದರ್ಥ. ಕೇರಿಯಲ್ಲಿ ಹುಟ್ಟಿದ ಯಾವ ಕೂಸಿಗೂ ಇದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಆ ವರ್ಷ ಒಗೆದ ಬಿಳಿ ಬಟ್ಟೆಗಳೆಲ್ಲ ಕೆಂಪಾಗಿ ಬಂದವು. ಒಗೆಯುವವರು ಅವನ್ನು ಹರವಿ, ಈ ವರ್ಷ ಕಾವಿ ಬಣ್ಣವೇ ಚೆಂದ ಎಂದರು. ಕೊಟ್ಟವರು ತೆಗೆದುಕೊಂಡು, ಹೌದು ಚೆಂದ ಎಂದರು.

ಹಬ್ಬದ ದಿನ ಕಣ್ಣು ಕಟ್ಟುವವಳು ಮೂವರನ್ನೂ ನಡೆಸಿಕೊಂಡು ಬುಡಕ್ಕೆ ಇಳಿದಾಗ, ಒಸರಿನ ಜಾಗ ತಪ್ಪಿಸಿ ಸುತ್ತು ಹಾಕುವುದು ವಾಡಿಕೆಯಾಗಿತ್ತು. ಆ ದಿನ ತಪ್ಪಿಸಲು ಜಾಗವೇ ಇರಲಿಲ್ಲ. ಒಸರು ಅಂಗಳದಷ್ಟು ಅಗಲವಾಗಿತ್ತು. ಒಡೆಯನ ಬಲಗಾಲು ಕಣಕಾಲಿನ ತನಕ ಕೆಸರಿನಲ್ಲಿ ಹೂತಿತು. ಅವನು ನಿಂತ. ಹಿಂದಿದ್ದ ಹಿರಿಯನೂ ಅಳತೆಗಾರನೂ ನಿಂತರು. ಕೆಸರಿನೊಳಗಿಂದ ಗುಳುಗುಳು ಸದ್ದು ಬರುತ್ತಿತ್ತು, ಮಡಕೆಯಲ್ಲಿ ಅಂಬಲಿ ಕುದಿಯುವ ಹಾಗೆ. ನಾಲ್ವರೂ ಅದನ್ನು ಕೇಳಿದರು.

ಒಡೆಯ ಕಾಲು ಎಳೆದುಕೊಂಡು, ಏನೂ ಆಡದೆ, ಅದನ್ನು ಅವಳ ಕಡೆಗೆ ಚಾಚಿದ. ಅವಳು ಬಗ್ಗಿ ತನ್ನ ಸೆರಗಿನಿಂದ ಒರೆಸಿದಳು. ಬೆರಳಿನ ಸಂದುಗಳಲ್ಲಿ ನುಣ್ಣಗೆ ಹಿಟ್ಟಿನಂಥ ಕೆಂಪು ಮಣ್ಣು ಸಿಕ್ಕಿಕೊಂಡಿತ್ತು. ಅದು ಏರಿಯ ಹೊಟ್ಟೆಯೊಳಗಿನ ಮಣ್ಣು. ಸಂದುಸಂದಿನಿಂದಲೂ ಒರೆಸಿ ತೆಗೆದಳು. ಕಾಲು ಶುಭ್ರವಾದ ಮೇಲೆ ಒಡೆಯ ಮುಂದೆ ನಡೆದ. ತುದಿ ಮುಟ್ಟಿದ ಮೇಲೆ ಮೂವರೂ ದನಿಗೂಡಿಸಿ ಹೇಳಿದರು: ಕಂಡದ್ದೇನೂ ಇಲ್ಲ. ಅವಳ ಸೆರಗು ಅವಳ ಮೊಣಕಾಲಿನ ಹತ್ತಿರ ಒದ್ದೆಯಾಗಿ, ಕೆಂಪಾಗಿ ನೇತಾಡುತ್ತಿತ್ತು. ದಂಡೆಯ ಜನ ಅದನ್ನು ನೋಡಿ ಹೇಳಿತು: ಕಂಡದ್ದೇನೂ ಇಲ್ಲ.

ಆ ಕ್ಷಣದಲ್ಲಿ ಅವಳಿಗೆ ಸಿಟ್ಟು ಬಂತು. ಅದುವರೆಗೆ ಅವಳಿಗೆ ಬರುತ್ತಿದ್ದದ್ದು ಭಯ, ಇಲ್ಲವೇ ಬೇಸರ. ಸಿಟ್ಟು ಹೊಸದು. ಇಷ್ಟು ವರ್ಷ ಇಳಿಸಿದ್ದೆಲ್ಲ ಎದೆಯಲ್ಲಿ ಹೂಳಿನಂತೆ ತುಂಬಿ, ಅದರ ಮೇಲೆ ಸಿಟ್ಟು ನೀರಿನಂತೆ ಏರಿ ನಿಂತಿತು.

ಕೇರಿಯಲ್ಲಿ ಅವಳ ಅಕ್ಕನ ಮಗಳಿದ್ದಳು. ಹೆಸರು ಮಾಳವ್ವ. ಆಗಷ್ಟೇ ಹೆತ್ತು, ಅತ್ತೆಯ ಮನೆಯಲ್ಲಿ ಬಾಣಂತನ ಮಾಡಿಸಿಕೊಳ್ಳುತ್ತಿದ್ದಳು. ಕೂಸಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಅವರ ಮನೆಯ ಹಿತ್ತಿಲಿನಿಂದ ಏರಿಯ ಬುಡಕ್ಕೆ ಕಲ್ಲು ಎಸೆದರೆ ತಾಗುತ್ತಿತ್ತು. ಹಬ್ಬ ಮುಗಿಸಿ ಹೋದ ಕಣ್ಣು ಕಟ್ಟುವವಳು ಕೂಸನ್ನು ಎತ್ತಿಕೊಂಡು ಬಹಳ ಹೊತ್ತು ಕೂತಳು. ಮಾಳವ್ವ ಸೆರಗಿನ ಕಲೆ ನೋಡಿ ಕಣ್ಣು ತಿರುಗಿಸಿಕೊಂಡಳು.

ಮರುದಿನ ಅವಳು ಒಡೆಯನ ಬಳಿಗೆ ಹೋದಳು. ಅವನು ಮಂಟಪದಲ್ಲಿ ಕೂತು ದೋಣಿಗಳಿಗೆ ಬಣ್ಣ ಹಚ್ಚಿಸುತ್ತಿದ್ದ. ಅವಳನ್ನು ಕಂಡು ಒಳ್ಳೆಯ ಮಾತಿನಿಂದಲೇ ಕರೆದು, ನೆರಳಿಗೆ ಬಾ ಎಂದ. ಕೆಟ್ಟ ಮನುಷ್ಯ ಎಂದು ಅವನನ್ನು ಯಾರೂ ಅನ್ನುತ್ತಿರಲಿಲ್ಲ. ಕೇರಿಯ ಮದುವೆಗಳಿಗೆ ಬಾಳೆಗೊನೆ ಕಳಿಸುತ್ತಿದ್ದ.

"ನಾನು ಏನೂ ಕಂಡಿಲ್ಲ, ಒಡೆಯರೇ," ಎಂದಳು ಅವಳು. "ಕೋಡಿಯ ಹಲಗೆ ಮಾತ್ರ ತೆಗೆಸಿಬಿಡಿ. ಮಳೆಗಾಲ ಮುಗಿಯೋ ತನಕ."

ಹಲಗೆ ತೆಗೆದರೆ ನೀರು ಮೆಟ್ಟಿಲು ಬಿಟ್ಟು ಇಳಿಯುತ್ತದೆ, ಕೆಸರು ಕಾಣುತ್ತದೆ, ದೂರದಿಂದ ಬಂದವರು ಕೆಸರು ನೋಡಲು ಬರುತ್ತಾರೆಯೇ ಎಂದು ಅವನು ಕೇಳಿದ. ಮಳೆ ಹಿಡಿದರೆ ಕೆರೆಯ ಮೇಲೆ ಹನಿ ಬೀಳುವುದನ್ನು ನೋಡಲೆಂದೇ ಜನ ಬರುತ್ತಾರೆ ಎಂದ.

"ಕೆಳಗೆ ಕೇರಿ ಇದೆ, ಒಡೆಯರೇ."

ಒಡೆಯ ಬಣ್ಣದ ಡಬ್ಬಿಯಿಂದ ಕಣ್ಣು ತೆಗೆದು ಅವಳನ್ನು ನೇರವಾಗಿ ನೋಡಿದ. "ನನಗೆ ಗೊತ್ತಿಲ್ಲ ಅಂದುಕೊಂಡೆಯಾ? ಕಾಲು ನಂದು. ಕೆಸರು ತಣ್ಣಗಿತ್ತೋ ಬೆಚ್ಚಗಿತ್ತೋ ನಿನಗಿಂತ ಚೆನ್ನಾಗಿ ನನಗೆ ಗೊತ್ತು. ಆದರೆ ನನಗೆ ಗೊತ್ತಿರೋದು ಬೇರೆ, ನೀನು ನನಗೆ ಹೇಳೋದು ಬೇರೆ. ಹೇಳಬೇಡ."

ಅವಳು ಇಳಿದು ಬರುವಾಗ ದಾರಿಯಲ್ಲಿ ಅಳತೆಗಾರ ಸಿಕ್ಕಿದ. ಊರು ಬಿಟ್ಟು ಹೊರಟಿದ್ದ. ಅವಳ ಮುಖ ನೋಡಿದ್ದೇ ಅವನು ಕೈ ಅಡ್ಡ ಹಿಡಿದು, ನನಗೂ ಹೇಳಬೇಡಮ್ಮ ಎಂದ. ಆಮೇಲೆ, ಬೈದ ಹಾಗೆ ಆಯಿತೇನೋ ಎಂದುಕೊಂಡು, ನಗುತ್ತಾ ಒಂದು ಮೆಚ್ಚುಗೆಯ ಮಾತು ಸೇರಿಸಿದ. ಎಷ್ಟೋ ಊರು ತಿರುಗಿದ್ದೇನೆ, ನಿನ್ನಷ್ಟು ಚೆನ್ನಾಗಿ ಕಣ್ಣು ಕಟ್ಟುವವರನ್ನು ಎಲ್ಲೂ ಕಂಡಿಲ್ಲ ಎಂದ. ಅವಳಿಗೆ ತನ್ನ ಎರಡು ಕೈಗಳನ್ನೂ ಎಲ್ಲಾದರೂ ಬಿಸಾಡಿ ಬರಬೇಕೆನ್ನಿಸಿತು.

ಮಳೆ ಶುರುವಾಯಿತು. ಗುಡ್ಡದ ನೀರೆಲ್ಲ ಕೆರೆಗೆ ಇಳಿಯತೊಡಗಿತು. ಹಲಗೆಗಳು ತಡೆದು ನಿಲ್ಲಿಸಿದವು. ನೀರು ಮಂಟಪದ ಮೊದಲ ಮೆಟ್ಟಿಲಿಗೆ ಬಂತು, ಎರಡನೆಯದಕ್ಕೆ ಬಂತು. ದೋಣಿಗಳು ಎತ್ತರದಲ್ಲಿ ತೇಲಿದವು. ಕೆಳಗೆ ಒಸರು ಕಾಲುವೆಯಾಯಿತು.

ಕಣ್ಣು ಕಟ್ಟುವವಳು ಕೇರಿಯ ಹಿರಿಯರನ್ನೂ ಹೆಂಗಸರನ್ನೂ ಗಡಿಗೆ ಮಾಡುವವನ ಆವಿಗೆಯ ಬಳಿ ಸೇರಿಸಿದಳು. ಗಡಿಗೆ ಸುಡುವ ಆ ಆವಿಗೆ ಆಗ ಆರಿತ್ತು, ಅದರ ಸುತ್ತ ಎಲ್ಲರೂ ಕೂತರು. ಬಿರುಕು ಎಂಬ ಪದವನ್ನು ಯಾರೂ ಆಡಲಿಲ್ಲ. ಅದು ಎಂದರು. ಅದು ನಿನ್ನೆಗಿಂತ ಇವತ್ತು ಜೋರಾಗಿದೆ ಎಂದರು. ಅದರ ಬಾಯಿ ಅಗಲವಾಗಿದೆ ಎಂದರು. ಅದರಲ್ಲಿ ಈಗ ಬೆಣಚುಕಲ್ಲೂ ಉರುಳಿ ಬರುತ್ತಿದೆ ಎಂದರು. ಎಲ್ಲರೂ ಕಂಡಿದ್ದರು. ಆಡುವುದಕ್ಕೆ ಮಾತ್ರ ಒಬ್ಬರೂ ಇರಲಿಲ್ಲ, ಯಾಕೆಂದರೆ ಒಬ್ಬರೇ ಏರಿಯನ್ನು ಸರಿಮಾಡುವುದು ಯಾರಿಂದಲೂ ಆಗದ ಮಾತು. ಕಟ್ಟಳೆ ಅದನ್ನು ತಿಳಿದೇ ಹುಟ್ಟಿತ್ತು.

ಆಗ ಅವಳೇ ಒಂದು ದಾರಿ ಹೇಳಿದಳು. ಕಟ್ಟಳೆ ಹಿಡಿಯುವುದು ಮೊದಲು ಆಡಿದವರನ್ನು. ನಾವೆಲ್ಲ ಒಂದೇ ಉಸಿರಿಗೆ, ಒಂದೇ ದನಿಯಲ್ಲಿ ಆಡಿದರೆ ಮೊದಲಿನವರು ಯಾರು? ಒಡೆಯನ ಹೆಬ್ಬಾಗಿಲಿನ ಮುಂದೆ ನಿಂತು ಎಲ್ಲರೂ ಕೂಡಿ ಆಡೋಣ. ಇಡೀ ಕೇರಿಗೆ ಮಣ್ಣು ಕೊಡಲು ಊರ ಹಿರಿಯನಿಗೆ ಎಷ್ಟು ಕೈಗಳಿವೆ?

ಜನಕ್ಕೆ ಇದು ಹಿಡಿಸಿತು. ಗಡಿಗೆ ಮಾಡುವವನು ತೊಡೆ ತಟ್ಟಿಕೊಂಡ. ಚಾಪೆ ಹೆಣೆಯುವ ಮುದುಕಿ ಚೌಡವ್ವ, ಇಷ್ಟು ಸುಲಭದ ಮಾತು ನಮ್ಮಪ್ಪಂದಿರಿಗೆ ಯಾಕೆ ಹೊಳೆಯಲಿಲ್ಲ ಎಂದಳು. ಅವರು ಅಲ್ಲಿಯೇ ಅಭ್ಯಾಸ ಮಾಡಿದರು. ಪದ ಆಡಲಿಲ್ಲ, ಬರೀ ಉಸಿರೆಳೆದು ಬಿಡುವುದನ್ನು ಅಭ್ಯಾಸ ಮಾಡಿದರು. ಎಲ್ಲರ ಎದೆಯೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯಿತು.

ಬೆಳಗಾದ ಮೇಲೆ ಕೇರಿಗೆ ಕೇರಿಯೇ ಒಡೆಯನ ಹೆಬ್ಬಾಗಿಲಿಗೆ ಹೋಯಿತು. ಮಳೆ ಹನಿಯುತ್ತಿತ್ತು. ಒಡೆಯ ಜಗಲಿಗೆ ಬಂದು ನಿಂತ. ಹಿರಿಯನೂ ಬಂದ. ಕಣ್ಣು ಕಟ್ಟುವವಳು ಕೈ ಎತ್ತಿದಳು. ಎಲ್ಲರೂ ಉಸಿರೆಳೆದುಕೊಂಡರು. ಅಷ್ಟು ಜನರ ಉಸಿರು ಒಳಗೆ ಹೋದ ಸದ್ದು ಅವಳಿಗೆ ಕೇಳಿಸಿತು. ಅವಳು ಕೈ ಇಳಿಸಿದಳು.

"ಏರಿ ಬಿರುಕು ಬಿಟ್ಟಿದೆ."

ಒಂದೇ ದನಿ. ಅವಳದ್ದು.

ಅವಳು ತಿರುಗಿ ನೋಡಿದಳು. ಎಲ್ಲರ ಬಾಯಿಯೂ ತೆರೆದಿತ್ತು. ಪ್ರತಿಯೊಬ್ಬರೂ ಪಕ್ಕದವರ ದನಿ ಬರಲಿ ಎಂದು, ಅದರ ಮೇಲೆ ತಮ್ಮ ದನಿ ಇಡೋಣ ಎಂದು, ಕಣ್ಣರೆಪ್ಪೆ ಬಡಿಯುವಷ್ಟು ಹೊತ್ತು ಕಾದಿದ್ದರು. ಅಷ್ಟು ಹೊತ್ತು ಸಾಕಾಯಿತು. ಆಮೇಲೆ ಒಂದೊಂದೇ ಬಾಯಿ ಮುಚ್ಚಿಕೊಂಡವು. ಎಳೆದುಕೊಂಡಿದ್ದ ಉಸಿರನ್ನು ಜನ ಮೂಗಿನಿಂದ, ಸದ್ದಾಗದ ಹಾಗೆ ಬಿಟ್ಟರು.

ಹಿರಿಯ ಆಳು ಕಳಿಸಿ ಮಣ್ಣು ತರಿಸಿದ. ಕೆಂಪು ಮಣ್ಣನ್ನು ಅವಳ ಅಂಗೈಗೆ ಇಟ್ಟು, ಬೆರಳುಗಳನ್ನು ತಾನೇ ಮಡಿಚಿ ಮುಚ್ಚಿದ. ಬಿರುಕು ಇವಳದ್ದು ಎಂದ. ಒಡೆಯ ಬೇಸರದ ಮುಖ ಮಾಡಿ ತಲೆ ಆಡಿಸಿ ಒಳಗೆ ಹೋದ. ಜಗಲಿಯ ಬಾಗಿಲು ಮುಚ್ಚುವಾಗ ಅವನ ಹೆಗಲು ಹಗುರಾದದ್ದನ್ನು ಅವಳು ಕಂಡಳು.

ಅವಳು ಕೆಲಸಕ್ಕೆ ಇಳಿದಳು. ಬುಟ್ಟಿಯಲ್ಲಿ ಮರಳು ಹೊತ್ತಳು, ಜಲ್ಲಿಕಲ್ಲು ಹೊತ್ತಳು, ಒಸರಿನ ಬಾಯಿಗೆ ಸುರಿದಳು. ಒಸರು ಅದನ್ನೂ ಹೊತ್ತುಕೊಂಡು ಹೋಯಿತು. ಜನ ಹಿತ್ತಿಲುಗಳಲ್ಲಿ ನಿಂತು ನೋಡಿದರು. ಕುಡಿಯಲು ಅವಳು ಮಳೆನೀರಿಗೆ ಬಾಯಿ ಒಡ್ಡಿದಳು. ಕೆಳಗಿನಿಂದ ಆಗುವ ಕೆಲಸ ಇದಲ್ಲ, ಮೇಲೆ ನೀರು ಇಳಿಯಬೇಕು ಎಂದು ಅವಳಿಗೂ ಗೊತ್ತಿತ್ತು, ನಿಂತವರಿಗೂ ಗೊತ್ತಿತ್ತು. ಅವಳು ಏರಿ ಹತ್ತಿ ಕೋಡಿಗೆ ಹೋದಳು. ಮೇಲಿನ ಹಲಗೆಗೆ ಕೈ ಹಾಕಿದಾಗ ಒಡೆಯನ ಆಳುಗಳು ಬಂದು ಅವಳ ರಟ್ಟೆ ಹಿಡಿದರು. ನಿನಗೆ ಕೊಟ್ಟಿರುವುದು ಬಿರುಕು, ಕೋಡಿ ಬಿರುಕಲ್ಲ, ಕೋಡಿ ಒಡೆಯರದ್ದು ಎಂದರು. ಅವಳು ಹಲಗೆ ಬಿಡಲಿಲ್ಲ. ಅವರು ಬೆರಳು ಬಿಡಿಸಿ, ಎತ್ತಿಕೊಂಡು ಹೋಗಿ, ಏರಿಯ ಬುಡದಲ್ಲಿ ಒಸರಿನ ಪಕ್ಕಕ್ಕೇ ಇಳಿಸಿದರು. ಒಬ್ಬ ಅವಳ ಬುಟ್ಟಿಯನ್ನೂ ತಂದು ಪಕ್ಕದಲ್ಲಿ ಇಟ್ಟುಹೋದ.

ಅವಳು ಬುಟ್ಟಿ ಅಲ್ಲೇ ಬಿಟ್ಟು ಕೇರಿಗೆ ಓಡಿದಳು. ಬಾಗಿಲು ಬಾಗಿಲಿಗೆ ಹೋದಳು. ಬಿರುಕು ನನ್ನದಾಯಿತು, ಈಗ ನಿಮಗೆ ಆಡುವ ಭಯ ಇಲ್ಲ, ಮಕ್ಕಳನ್ನು ಎತ್ತಿಕೊಂಡು ಗುಡ್ಡ ಹತ್ತಿ ಎಂದಳು. ಕೆಲವರು ಬಂದರು. ಗಡಿಗೆ ಮಾಡುವವನು ಹೆಂಡತಿ ಮಕ್ಕಳನ್ನು ಕರೆದುಕೊಂಡು ಬಂದ, ಅವಳ ಮುಖ ನೋಡದೆ ಬಂದ. ಬಹಳ ಜನ ಬರಲಿಲ್ಲ. ಮನೆ ಬಿಟ್ಟು ಹೋಗುವುದೂ ಒಂದು ಮಾತೇ ಅಲ್ಲವೇ, ನಾಳೆ ಹಿರಿಯ, ಯಾಕೆ ಹೋದೆ, ಏನು ಕಂಡೆ ಎಂದು ಕೇಳಿದರೆ ಏನು ಹೇಳುವುದು ಎಂದರು. ಚೌಡವ್ವ ಚಾಪೆ ಅರ್ಧ ಆಗಿದೆ, ಮುಗಿಸಿ ಬರುತ್ತೇನೆ ಎಂದಳು. ಕಾಲಿಲ್ಲದ ಹೊಳೆಯಪ್ಪ, ನನ್ನನ್ನು ಯಾರು ಹೊರುತ್ತಾರೆ ಎಂದು ನಕ್ಕ.

ಮಾಳವ್ವನ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದಳು. ಹಸಿ ಬಾಣಂತಿ ಮಳೆಯಲ್ಲಿ ಹೊಸಿಲು ದಾಟುವಂತಿಲ್ಲ ಎಂದಳು. ಒಳಗಿನಿಂದ ಮಾಳವ್ವ ಸಣ್ಣ ದನಿಯಲ್ಲಿ ಮಾತಾಡಿದಳು.

"ನೀನು ಹೋಗು ಚಿಕ್ಕವ್ವ. ನಾನು ಬಂದರೆ ಇವರಿಗೆಲ್ಲ ಕೆಟ್ಟ ಹೆಸರು. ಮಳೆ ನಿಂತ ಕೂಡಲೇ ಬರ್ತೀನಿ."

"ಕೂಸನ್ನಾದರೂ ಕೊಡು."

"ಹಾಲು ಕುಡೀತಾ ಇದೆ," ಎಂದಳು ಮಾಳವ್ವ.

ಕಣ್ಣು ಕಟ್ಟುವವಳು ಅತ್ತೆಯನ್ನು ತಳ್ಳಿ ಒಳಗೆ ನುಗ್ಗಬೇಕೆಂದು ಹೊಸಿಲ ಮೇಲೆ ಕಾಲಿಟ್ಟಳು. ಆಗ ಗುಡ್ಡದ ದಾರಿಯಿಂದ, ಯಾರದೋ ಮಗು ಜಾರಿ ಬಿತ್ತು, ಬಾ ಎಂಬ ಕೂಗು ಬಂತು. ಅವಳು ಆ ಕಡೆ ಓಡಿದಳು. ಮಗುವನ್ನು ಎತ್ತಿ ಮೇಲೆ ದಾಟಿಸಿ ತಿರುಗಿದಾಗ, ಏರಿಯ ಮೇಲಿನ ಮರವೊಂದು ನಿಂತ ಹಾಗೆಯೇ ಕೆಳಗೆ ಹೋಗುವುದು ಕಾಣಿಸಿತು.

ಹಗಲು ಅದು, ಊಟದ ಹೊತ್ತು. ಮಂಟಪದಲ್ಲಿ ಅತಿಥಿಗಳು ಎಲೆಯ ಮುಂದೆ ಕೂತಿದ್ದರು. ಮೊದಲು ಒಸರಿನ ಜಾಗ ಬಾಯಿ ತೆರೆಯಿತು. ಆಮೇಲೆ ಅದರ ಮೇಲಿನ ಏರಿ ಕುಸಿದು ಆ ಬಾಯಿಗೆ ತುತ್ತಾಯಿತು. ಆಮೇಲೆ ಇಡೀ ಕೆರೆ ಎದ್ದು ನಿಂತ ಹಾಗೆ ಹೊರಟಿತು. ಮರಗಳು, ಹಲಗೆಗಳು, ಬಣ್ಣದ ದೋಣಿಗಳು ಎಲ್ಲ ಒಟ್ಟಿಗೆ ಕೇರಿಯ ಮೇಲೆ ನಡೆದುಹೋದವು. ಬಹಳ ಹೊತ್ತೇನೂ ಹಿಡಿಯಲಿಲ್ಲ. ಮಂಟಪದಲ್ಲಿ ಒಬ್ಬ ಅತಿಥಿ, ಬರಿದಾದ ಕೆರೆಯ ಕಡೆ ನೋಡಿ, ಹಾಗಾದರೆ ಇವತ್ತು ದೋಣಿ ಇಲ್ಲವೇ ಎಂದು ಕೇಳಿದನೆಂದು ಬಡಿಸುತ್ತಿದ್ದವರು ಆಮೇಲೆ ಹೇಳಿದರು.

ನೀರು ಇಳಿದ ಮೇಲೆ ಕೇರಿ ಇದ್ದ ಜಾಗದಲ್ಲಿ ಕೆಂಪು ಕೆಸರಿತ್ತು. ಗುಡ್ಡ ಹತ್ತಿದ್ದವರು ಇಳಿದು ಬಂದು ಕೈಯಿಂದ ಬಗೆದರು. ಮಾಳವ್ವ ಸಿಕ್ಕಿದಳು. ಅವಳ ತೋಳುಗಳು ಮಡಿಚಿದ ಹಾಗೆಯೇ ಇದ್ದವು, ಅವುಗಳ ನಡುವೆ ಏನೂ ಇರಲಿಲ್ಲ. ಕೂಸು ಬಹಳ ಕೆಳಗೆ, ಬಿದಿರು ಮೆಳೆಯಲ್ಲಿ ಸಿಕ್ಕಿತು.

ಹೆಣಗಳನ್ನು ಸಾಲಾಗಿ ಮಲಗಿಸಿದಾಗ ಹಿರಿಯ ಬಂದ, ಒಡೆಯ ಬಂದ. ಒಡೆಯ ಎಲ್ಲ ಹೆಣಗಳಿಗೂ ಹೊಸ ಬಿಳಿ ಬಟ್ಟೆ ತರಿಸಿದ್ದ. ಕಣ್ಣಲ್ಲಿ ನೀರಿತ್ತು, ನಿಜವಾದ ನೀರೇ ಇದ್ದಿರಬೇಕು. ಹಿರಿಯ ಗಂಟಲು ಸರಿಮಾಡಿಕೊಂಡು ಕಟ್ಟಳೆ ಹೇಳಿದ. ಬಿರುಕು ಯಾರದ್ದೋ, ಬಿರುಕಿನಿಂದ ಬಂದ ಸಾವೂ ಅವರದ್ದು. ಮುಚ್ಚಬೇಕಾದವಳು ಮುಚ್ಚಲಿಲ್ಲ. ಒಡೆಯ ನಡುವೆ ಬಾಯಿ ಹಾಕಿ, ಅವಳ ಮೇಲೆ ತನಗೇನೂ ಸಿಟ್ಟಿಲ್ಲ, ಹೆಂಗಸು ತನ್ನಿಂದಾದಷ್ಟು ಮಾಡಿದ್ದಾಳೆ, ಮಳೆ ಮುಗಿದ ಕೂಡಲೇ ತಾನೇ ಆಳು ಹಚ್ಚಿ ಏರಿ ಕಟ್ಟಿಸುತ್ತೇನೆ ಎಂದ. ಮುಂಚಿಗಿಂತ ಎತ್ತರವಾಗಿ ಕಟ್ಟಿಸುತ್ತೇನೆ ಎಂದ.

ಕಣ್ಣು ಕಟ್ಟುವವಳು ಹೆಣಗಳ ಸಾಲಿನ ತಲೆಯ ಕಡೆ ನಿಂತಿದ್ದಳು. ಅವಳು ಅಳಲಿಲ್ಲ. ಒಂದೊಂದೇ ಮುಖದ ಮೇಲಿನ ಬಟ್ಟೆ ಸರಿಸಿ ಹೆಸರು ಹೇಳಿದಳು. ಚೌಡವ್ವ. ಹೊಳೆಯಪ್ಪ. ತಿರುಕಪ್ಪ, ಅವನ ಹೆಂಡತಿ ದ್ಯಾಮವ್ವ. ಮಾಳವ್ವನ ಅತ್ತೆ ಕರಿಯವ್ವ. ಮಾಳವ್ವ. ಕೊನೆಯ ಬಟ್ಟೆ ಸರಿಸಿ, ಇದಕ್ಕೆ ಹೆಸರಿಟ್ಟಿರಲಿಲ್ಲ ಎಂದಳು. ಆಮೇಲೆ ಒಡೆಯನ ಕಡೆ ತಿರುಗಿದಳು.

"ಬಿರುಕು ನನ್ನದು ಅಂದಿರಿ. ಒಪ್ಪಿದೆ. ಇವರೆಲ್ಲ ನನ್ನವರು ಅಂದಿರಿ. ಅದನ್ನೂ ಒಪ್ಪಿದೆ, ಅವರು ನಿಮ್ಮವರು ಯಾವತ್ತೂ ಆಗಿರಲಿಲ್ಲ." ಅವಳು ಏರಿಯ ಕಡೆ ಕೈ ತೋರಿಸಿದಳು. ಎರಡು ಗುಡ್ಡಗಳ ನಡುವೆ ಏರಿ ಸೀಳಿಹೋಗಿ ಆಕಾಶ ಕಾಣುತ್ತಿತ್ತು. "ಈಗ ಅಲ್ಲಿ ಇರೋದಷ್ಟೂ ಬಿರುಕೇ. ಅದು ನನ್ನದು. ಅದಕ್ಕೆ ಬೇರೆಯವರು ಕೈ ಹಚ್ಚೋ ಹಾಗಿಲ್ಲ. ನಾನು ಅದನ್ನು ಮುಚ್ಚೋದಿಲ್ಲ."

ಒಡೆಯ ಹಿರಿಯನನ್ನು ನೋಡಿದ. ಹಿರಿಯ ನೆಲ ನೋಡಿದ. ಕಟ್ಟಳೆ ಹಾಗೆಯೇ ಇತ್ತು. ಅದನ್ನು ತಿದ್ದಬೇಕಾದರೆ ಅದರಲ್ಲಿ ಬಿರುಕಿದೆ ಎಂದು ಯಾರಾದರೂ ಮೊದಲು ಆಡಬೇಕಿತ್ತು.

ಅವಳು ಸೀಳಿನ ನಡುವೆ, ಹಳ್ಳದ ಪಕ್ಕದಲ್ಲಿ, ಗುಡಿಸಲು ಹಾಕಿಕೊಂಡು ಕೂತಳು. ಒಡೆಯ ಮೊದಲು ಹಣ್ಣಿನ ಬುಟ್ಟಿ ಕಳಿಸಿದ, ಆಮೇಲೆ ಆಳುಗಳನ್ನು ಕಳಿಸಿದ. ಆಳುಗಳು ಅವಳನ್ನು ಎತ್ತಿ ಹೊರಗೆ ಹಾಕಿದರು. ಅವಳು ತಿರುಗಿ ಬಂದು ಕೂತಳು. ಮತ್ತೆ ಎತ್ತಿದರು, ಮತ್ತೆ ಬಂದಳು. ಕಡೆಗೆ ಒಂದು ದಿನ ಅವರು ಬಂದಾಗ ಅವಳ ಪಕ್ಕದಲ್ಲಿ ಗಡಿಗೆ ಮಾಡುವವನು ಕೂತಿದ್ದ.

ಅವನು ಹಿಂದಿನ ಸಂಜೆಯೇ ಬಂದಿದ್ದ. ಬಹಳ ಹೊತ್ತು ದೂರ ನಿಂತಿದ್ದು, ಆಮೇಲೆ ಹತ್ತಿರ ಬಂದು, ಆ ದಿನ ಬಾಯಿ ತೆರೆದಿದ್ದೆ, ದನಿ ಬರಲಿಲ್ಲ ಎಂದಿದ್ದ. ಅವಳು ಅವನನ್ನು ಸಮಾಧಾನ ಮಾಡಲಿಲ್ಲ. ಹೋಗಲಿ ಬಿಡು ಎನ್ನಲಿಲ್ಲ. ಈಗ ಬರುತ್ತದೆಯೋ ನೋಡು ಎಂದಳು. ಅವನು ಹೇಳಿದ, ಏರಿ ಬಿರುಕು ಬಿಟ್ಟಿತ್ತು, ನಾನು ಕಂಡಿದ್ದೆ ಎಂದು. ಇನ್ನೂ ಜೋರಾಗಿ ಎಂದಳು. ಅವನು ಜೋರಾಗಿ ಹೇಳಿದ. ಒಡೆಯರ ಮನೆಗೆ ಕೇಳಿಸಲಿ ಎಂದಳು. ಅವನು ಗುಡ್ಡಕ್ಕೆ ಮುಖ ಮಾಡಿ ಕೂಗಿದ. ಕೂಗುತ್ತಾ ಅತ್ತ. ಅವಳು ನೋಡುತ್ತಾ ಕೂತಳು.

ಅವನ ಹಿಂದೆ ಬೇರೆಯವರೂ ಬಂದರು. ಬಂದವರನ್ನೆಲ್ಲ ಅವಳು ಅದನ್ನೇ ಕೇಳಿದಳು, ಯಾರಿಗೂ ರಿಯಾಯಿತಿ ತೋರಲಿಲ್ಲ. ಕೂಗಿದವರು ಅಲ್ಲೇ ಕೂತರು. ಎತ್ತಿ ಹೊರಗೆ ಹಾಕಲು ಒಡೆಯನ ಬಳಿ ಅಷ್ಟು ಆಳುಗಳು ಇರಲಿಲ್ಲ, ಇದ್ದ ಆಳುಗಳಲ್ಲೂ ಒಂದಿಬ್ಬರು ಬಂದು ಕೂಗಿ ಕೂತುಬಿಟ್ಟರು. ಮಂಟಪಕ್ಕೆ ಅತಿಥಿಗಳು ಬರುವುದು ನಿಂತಿತು. ಒಡೆಯ ಮನೆಗೆ ಬೀಗ ಹಾಕಿ ಎಲ್ಲಿಗೋ ಹೋದ. ಬೇರೆ ಕಡೆ ಎರಡು ಗುಡ್ಡಗಳ ನಡುವೆ ಜಾಗ ಹುಡುಕುತ್ತಿದ್ದಾನೆಂದು ಕೆಲವರು ಹೇಳಿದರು. ಅದನ್ನು ಕೇಳಿದ ದಿನ ಅವಳು ಊಟ ಮಾಡಲಿಲ್ಲ. ಒಡೆಯನ ಜಾಡು ಹಿಡಿದು ಹೋಗಿ, ಅಲ್ಲಿನ ಕೇರಿಯವರಿಗೆ ಇಲ್ಲಿ ಆದದ್ದನ್ನು ಹೇಳಿ ಬರಲು ಗಡಿಗೆ ಮಾಡುವವನನ್ನು ಕಳಿಸಿದಳು.

ಮುಂದಿನ ಮಳೆಗಾಲ ಬಂತು. ಹಿಂದಿನ ವರ್ಷದ್ದು ಏನೂ ಅಲ್ಲ ಎನ್ನುವಂಥ ಮಳೆ. ಹಗಲಿಡೀ ಸುರಿಯಿತು, ಗುಡ್ಡಗಳೆರಡೂ ಕಾಣದ ಹಾಗೆ ಸುರಿಯಿತು. ಜನ ಹೆದರಿ, ಹೊಸದಾಗಿ ಎತ್ತರದಲ್ಲಿ ಹಾಕಿಕೊಂಡ ಗುಡಿಸಲುಗಳಿಂದ ಹೊರಬಂದು, ಸೀಳಿನ ಎರಡೂ ಬದಿಗೆ ನಿಂತರು. ಗುಡ್ಡದ ನೀರೆಲ್ಲ ಹಳ್ಳಕ್ಕೆ ಬಂತು. ಹಳ್ಳ ಸೀಳಿನೊಳಗೆ ನುಗ್ಗಿ, ತನ್ನ ಹಳೆಯ ಪಾತ್ರ ಹಿಡಿದು, ಕೇರಿ ಇದ್ದ ಜಾಗದ ಪಕ್ಕದಿಂದ ಹಾಯ್ದು ಹೋಯಿತು. ಕಣ್ಣು ಕಟ್ಟುವವಳು ಕೇರಿಗೆ ಇಳಿದು, ಮಾಳವ್ವನ ಮನೆಯ ಹೊಸಿಲಿದ್ದ ಕಲ್ಲಿನ ಮೇಲೆ ಹೋಗಿ ನಿಂತಳು. ಮಳೆ ಬಿಡುವ ತನಕ ಅಲ್ಲಿಯೇ ನಿಂತಿದ್ದಳು. ನೀರು ಆ ಕಲ್ಲಿಗೆ ತಾಗಲೇ ಇಲ್ಲ.